ಡಾಂಗಲ್ ನನ್ನ ಕೈಗೆ ಬರಲು ಐದು ತಿಂಗಳು ಹಿಡಿಯಿತು

ನಮ್ಮ ಗ್ರಾಮ ಪಂಚಾಯಿತಿಯ ಅವಧಿ ಮುಗಿದು ಕೆಲವೇ ದಿನಗಳಾದವು. ಐದು ವರ್ಷ ಸದಸ್ಯೆಯಾಗಿದ್ದೆ, ಅದರಲ್ಲಿ ಕೊನೆಯ 30 ತಿಂಗಳು ಅಧ್ಯಕ್ಷೆ. ಅವಧಿ ಮುಗಿದ ವಾರವೇ ನಮ್ಮ ಸ್ವಸಹಾಯ ಸಂಘದ ಇಬ್ಬರು ಹೆಂಗಸರು ಮನೆಗೆ ಬಂದು, "ಅಕ್ಕ, ಮುಂದಿನ ಸಲ ನಾವು ನಿಂತ್ಕೋಬೇಕು ಅಂತಿದ್ದೀವಿ. ಏನೇನ್ ಬೇಕು, ಎಷ್ಟ್ ಖರ್ಚಾಗುತ್ತೆ, ಎಲ್ಲೆಲ್ಲಿ ತೊಡಕು ಬರುತ್ತೆ, ಒಂದೂ ಬಿಡದಂಗೆ ಹೇಳಿ" ಅಂದರು. ರಾತ್ರಿ ಹನ್ನೊಂದರವರೆಗೂ ಹೇಳಿದೆ. ಅವರು ಹೋದ ಮೇಲೆ ನೆನಪಾಯಿತು, 2020ರಲ್ಲಿ ನನಗೆ ಹೀಗೆ ಕೂತು ಹೇಳುವವರು ಒಬ್ಬರೂ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

2020ರ ನವೆಂಬರ್ ಕೊನೆಗೆ ಚುನಾವಣೆ ಘೋಷಣೆಯಾಯಿತು. ನಮ್ಮ ಕ್ಷೇತ್ರದ ಒಂದು ಸ್ಥಾನ 'ಹಿಂದುಳಿದ ವರ್ಗ ಅ ಮಹಿಳೆ'ಗೆ ಬಂತು. ನಮ್ಮ ಮನೆಯವರು ಎರಡು ವರ್ಷದಿಂದ ತಾವೇ ನಿಲ್ಲಬೇಕೆಂದು ಊರೆಲ್ಲ ಓಡಾಡಿಕೊಂಡಿದ್ದವರು. ಮೀಸಲಾತಿ ಪಟ್ಟಿ ನೋಡಿಕೊಂಡು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಸೀಟು ಹೆಂಗಸರಿಗೆ ಹೋಯ್ತು. ನಿನ್ನ ಹೆಸರಲ್ಲಿ ಹಾಕಣ" ಅಂದರು. ನಾನು ಮಿಷನ್ ಮೇಲೆ ರವಿಕೆ ಹೊಲಿಯುತ್ತಿದ್ದೆ. ಹೂಂ ಅಂದೆ. ನಾನು ನಿಲ್ಲಬೇಕೆಂದು ತೀರ್ಮಾನ ಮಾಡಿದ್ದು ನಾನಲ್ಲ. ಇದನ್ನು ಮುಚ್ಚಿಡುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಬಹಳಷ್ಟು ಹೆಂಗಸರು ಪಂಚಾಯಿತಿಗೆ ಬರುವ ದಾರಿ ಇದೇ. ಹೀಗೆ ಬಂದವಳು ಎಂದು ಯಾರೂ ನಾಚಿಕೆ ಪಡಬೇಕಾಗಿಲ್ಲ.

ಕಾಗದ ಪತ್ರದ ಕಷ್ಟ ಅಲ್ಲಿಂದ ಶುರುವಾಯಿತು. ಮೀಸಲು ಸ್ಥಾನಕ್ಕೆ ಜಾತಿ ಪ್ರಮಾಣಪತ್ರ ಬೇಕು. ಮದುವೆಯಾದ ಹೆಣ್ಣಿನ ಜಾತಿಯನ್ನು ನೋಡುವುದು ತಂದೆಯ ಕಡೆಯಿಂದ, ಗಂಡನ ಕಡೆಯಿಂದ ಅಲ್ಲ. ಇದು ಗೊತ್ತಿಲ್ಲದೆ ಗಂಡನ ದಾಖಲೆ ಹಿಡಿದು ನಾಡಕಚೇರಿಗೆ ಹೋಗಿ ಒಂದು ದಿನ ಕಳೆದೆ. ಮಾರನೆಯ ದಿನ ತವರಿಗೆ ಹೋಗಿ ಅಪ್ಪನ ದಾಖಲೆ, ನನ್ನ ಶಾಲೆಯ ಟಿ.ಸಿ. ತಂದೆ. ಆಮೇಲೆ ಹೆಸರಿನ ಪಜೀತಿ. ಶಾಲೆಯ ದಾಖಲೆಯಲ್ಲಿ ಅಪ್ಪನ ಇನಿಷಿಯಲ್, ಮತದಾರರ ಪಟ್ಟಿಯಲ್ಲಿ 'ಕೋಂ' ಎಂದು ಗಂಡನ ಹೆಸರು, ಆಧಾರಿನಲ್ಲಿ ಎರಡೂ ಇಲ್ಲ. ನಾಮಪತ್ರ ಸಲ್ಲಿಸುವ ಕೊನೆಯ ದಿನದ ಹಿಂದಿನ ಸಂಜೆ ಪ್ರಮಾಣಪತ್ರ ಕೈಗೆ ಬಂತು. ಆ ನಾಲ್ಕು ದಿನ ನಾನು ಸರಿಯಾಗಿ ಉಂಡಿಲ್ಲ. ನಿಲ್ಲುವ ಯೋಚನೆ ಇರುವವರು ಚುನಾವಣೆ ಘೋಷಣೆಗೆ ಕಾಯಬೇಡಿ. ಜಾತಿ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ, ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ಥರ ಮಾಡಿಸಿ, ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ಎಂದು ಕಣ್ಣಾರೆ ನೋಡಿ. ನಿಮಗೆ 21 ವರ್ಷ ತುಂಬಿರಬೇಕು. ಸೂಚಕರು ನಿಮ್ಮ ಕ್ಷೇತ್ರದ ಮತದಾರರೇ ಆಗಿರಬೇಕು. ಠೇವಣಿ ದೊಡ್ಡ ಮೊತ್ತವಲ್ಲ, ನಾನು ಕಟ್ಟಿದ್ದು 100 ರೂಪಾಯಿ.

ಇದರ ನಡುವೆ ಅರಳಿಕಟ್ಟೆಯಲ್ಲಿ ಊರಿನ ಯಜಮಾನರು ಸೇರಿದ್ದರು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಯಾರು ಹೆಚ್ಚು ಹಣ ಕೊಡುತ್ತಾರೋ ಅವರ ಮನೆಯ ಹೆಂಗಸನ್ನು ಅವಿರೋಧ ಮಾಡೋಣ ಎಂಬ ಮಾತು. ಸ್ಥಾನ ಹೆಂಗಸಿನದು, ಕಟ್ಟೆಯ ಮೇಲೆ ಒಬ್ಬ ಹೆಂಗಸೂ ಇರಲಿಲ್ಲ. ಹೀಗೆ ಸೀಟು ಹರಾಜು ಹಾಕುವುದು ಕಾನೂನಿಗೆ ವಿರುದ್ಧ. ಆದರೆ ಅದನ್ನು ಕಟ್ಟೆಯ ಮುಂದೆ ಹೇಳಲು ಗಂಟಲು ಬೇಕು. ಹೇಳಿದವಳು ನಮ್ಮ ಅತ್ತೆ. ನೀರು ತರಲು ಹೋಗುತ್ತಿದ್ದವರು ಕೊಡ ಕೆಳಗಿಟ್ಟು, "ಹೆಂಗಸ್ರ ಸೀಟು ಅಂದ್ಮೇಲೆ ಹೆಂಗಸ್ರೂ ಓಟಾಕ್ಬೇಕಲ್ಲಪ್ಪ, ನಾವೇನು ದನ ಅಲ್ವಲ್ಲ ಹರಾಜ್ ಹಾಕೋಕೆ" ಅಂದರು. ಮಾತು ಅಲ್ಲಿಗೆ ಮುರಿದು ಬಿತ್ತು. ನಾಲ್ಕು ಜನ ನಾಮಪತ್ರ ಹಾಕಿದೆವು, ಒಬ್ಬರು ವಾಪಸ್ ತೆಗೆದುಕೊಂಡರು.

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ನಾನು ಹೊಲಿಗೆ ಯಂತ್ರ ಕೇಳಿದ್ದೆ, ಸಿಕ್ಕಿದ್ದು ಆಟೊ ರಿಕ್ಷಾ. ಪ್ರಚಾರಕ್ಕೆ ಹತ್ತು ದಿನವೂ ಇರಲಿಲ್ಲ. ನಮ್ಮ ಮನೆಯವರು ಗಂಡಸರ ಕಡೆ ನೋಡಿಕೊಂಡರು, ನಾನು ಸಂಘದ ಹೆಂಗಸರ ಜೊತೆ ಸಂಜೆ ಹಾಲು ಹಾಕುವ ಹೊತ್ತಿನಲ್ಲಿ ಡೇರಿ ಮುಂದೆ ನಿಲ್ಲುತ್ತಿದ್ದೆ. ಮನೆ ಮನೆಗೆ ಹೋದಾಗ ಸಿಗದ ಹೆಂಗಸರು ಅಲ್ಲಿ ಸಿಗುತ್ತಾರೆ. ಖರ್ಚು ಒಟ್ಟು 38,000 ರೂಪಾಯಿ ಆಯಿತು. ಕರಪತ್ರ, ಆಟೊ, ಮೈಕ್ ಎಲ್ಲ ಸೇರಿ ಒಂಬತ್ತು ಸಾವಿರ ದಾಟಿರಲಿಲ್ಲ. ಮಿಕ್ಕಿದ್ದೆಲ್ಲ ಜೊತೆಗೆ ಓಡಾಡಿದ ಹುಡುಗರ ಊಟ ಮತ್ತು ಪೆಟ್ರೋಲು. ಆ ಹುಡುಗರಿಂದ ನನಗೆ ಐದು ಓಟೂ ಹೆಚ್ಚಿಗೆ ಬಂದಿರಲಾರದು ಎಂದು ಇವತ್ತು ಅನ್ನಿಸುತ್ತದೆ. ಡಿಸೆಂಬರ್ 27ಕ್ಕೆ ಮತದಾನ, 30ಕ್ಕೆ ತಾಲ್ಲೂಕು ಕೇಂದ್ರದಲ್ಲಿ ಎಣಿಕೆ. ಬ್ಯಾಲೆಟ್ ಪೇಪರ್ ಆದ್ದರಿಂದ ಮಧ್ಯಾಹ್ನದವರೆಗೂ ಕಾಯಬೇಕಾಯಿತು. 17 ಓಟಿನಲ್ಲಿ ಗೆದ್ದೆ. ಹೊರಗೆ ಬಂದಾಗ ಹಾರ ಬಿದ್ದದ್ದು ನಮ್ಮ ಮನೆಯವರ ಕೊರಳಿಗೆ.

ಮೊದಲ ಎರಡೂವರೆ ವರ್ಷದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಸಭೆಗೆ ಹೋಗುತ್ತಿದ್ದೆ, ಹಾಜರಿಗೆ ಸಹಿ ಹಾಕುತ್ತಿದ್ದೆ, ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂರುತ್ತಿದ್ದೆ. ಒಂದು ಅಭ್ಯಾಸ ಮಾತ್ರ ಬಿಡಲಿಲ್ಲ. ಸಂಘದ ಲೆಕ್ಕ ಬರೆದು ರೂಢಿಯಾಗಿದ್ದರಿಂದ ಪ್ರತಿ ಸಭೆಯ ನಡವಳಿಯನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಯಾವ ಕಾಮಗಾರಿ, ಎಷ್ಟು ಹಣ, ಯಾವ ಅನುದಾನ, ಅಷ್ಟೇ.

2023ರಲ್ಲಿ, ಉಳಿದ ಎರಡೂವರೆ ವರ್ಷದ ಎರಡನೇ ಅವಧಿಗೆ, ಅಧ್ಯಕ್ಷ ಸ್ಥಾನ 'ಸಾಮಾನ್ಯ ಮಹಿಳೆ'ಗೆ ಬಂತು. 14 ಸದಸ್ಯರಲ್ಲಿ ನಾವು ಏಳು ಜನ ಹೆಂಗಸರು. ಮಾತುಕತೆ ನಡೆದದ್ದು ನಮ್ಮ ನಡುವೆ ಅಲ್ಲ, ನಮ್ಮ ಗಂಡಂದಿರ ನಡುವೆ. ಯಾರು ಮೊದಲು, ಯಾರು ಆಮೇಲೆ, ಉಪಾಧ್ಯಕ್ಷ ಯಾರ ಕಡೆಗೆ, ಎಲ್ಲ ಮುಗಿದ ಮೇಲೆ ಸದಸ್ಯರನ್ನು ಎರಡು ದಿನ ಪ್ರವಾಸಕ್ಕೆ ಕರೆದುಕೊಂಡು ಹೋಗಿ ದೇವರ ಮುಂದೆ ಆಣೆ ಮಾಡಿಸಿದರು. ಆಗಸ್ಟ್‌ನಲ್ಲಿ ಎಂಟು ಓಟಿಗೆ ನಾನು ಅಧ್ಯಕ್ಷೆಯಾದೆ.

ಇನ್ನು ಡಾಂಗಲ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಈಗ ಪಂಚಾಯಿತಿ ಹಣ ಚೆಕ್ಕಿನಲ್ಲಿ ಹೋಗುವ ಕಾಲ ಮುಗಿದಿದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಅಧ್ಯಕ್ಷರು ಇಬ್ಬರೂ ತಮ್ಮ ತಮ್ಮ ಡಿಜಿಟಲ್ ಸಹಿ ಹಾಕಿದರೆ ಮಾತ್ರ ಬಿಲ್ಲಿನ ಹಣ ಖಾತೆಗೆ ಹೋಗುತ್ತದೆ. ಆ ಸಹಿ ಇರುವುದು ಪೆನ್ ಡ್ರೈವಿನಂಥ ಬೆರಳುದ್ದದ ಒಂದು ವಸ್ತುವಿನಲ್ಲಿ, ಅದೇ ಡಾಂಗಲ್. ಅದನ್ನು ಕಂಪ್ಯೂಟರಿಗೆ ಚುಚ್ಚಿ ಪಿನ್ ಒತ್ತಿದರೆ ಅಧ್ಯಕ್ಷರು ಸಹಿ ಮಾಡಿದಂತೆ. ಅಧಿಕಾರ ಎಂದು ನಾವು ದೊಡ್ಡದಾಗಿ ಏನು ಹೇಳುತ್ತೇವೋ ಅದರ ಮುಕ್ಕಾಲು ಪಾಲು ಆ ಬೆರಳುದ್ದದ ವಸ್ತುವಿನಲ್ಲಿದೆ.

ಅದನ್ನು ಮಾಡಿಸುವ ದಿನ ಆಧಾರ್ ಒಟಿಪಿ ಕೇಳಿದರು. ನನ್ನ ಆಧಾರಿಗೆ ಜೋಡಿಸಿದ್ದ ನಂಬರ್ ನಮ್ಮ ಮನೆಯವರದು. ಒಟಿಪಿ ಅವರ ಫೋನಿಗೆ ಬಂತು, ಪಿನ್ ಅವರೇ ಇಟ್ಟರು, ಡಾಂಗಲ್ ಅವರ ಅಂಗಿ ಜೇಬಿಗೆ ಹೋಯಿತು. ನಾನು ಮೊಬೈಲ್ ಕ್ಯಾಮೆರಾ ಮುಂದೆ ಮುಖ ತೋರಿಸಿ ಹೆಸರು ಹೇಳಿದೆ, ಅಷ್ಟೇ ನನ್ನ ಪಾತ್ರ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಆವತ್ತು ನನಗೂ ಅನ್ನಿಸಲಿಲ್ಲ.

ಕಚೇರಿಗೆ ಬಂದವರು ಮೊದಲು ಕೇಳುತ್ತಿದ್ದ ಮಾತು, "ಅಧ್ಯಕ್ಷರು ಬರ್ಲಿಲ್ವಾ?" ನಾನು ಎದುರಿಗೇ ಕೂತಿರುತ್ತಿದ್ದೆ. ಫೈಲು ತಂದವರು, "ಸಹಿ ಮಾಡಿ ಅಕ್ಕ, ಅಣ್ಣ ಎಲ್ಲಾ ನೋಡವ್ರೆ" ಅನ್ನುತ್ತಿದ್ದರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೊರೆಯುತ್ತಿತ್ತು.

ಕಣ್ಣು ತೆರೆದದ್ದು ಡಿಸೆಂಬರಿನಲ್ಲಿ. ಸಂಘದ ಸಭೆಯಲ್ಲಿ ಒಬ್ಬಾಕೆ, "ಕೆಳಗಲ ಬೀದಿ ಚರಂಡಿ ಬಿಲ್ ನೀನೇ ಪಾಸ್ ಮಾಡ್ದೆಯಂತಲ್ಲ, ನಮ್ಮನೆ ಮುಂದೆ ಚರಂಡಿನೇ ಇಲ್ವಲ್ಲ" ಅಂದಳು. ಮನೆಗೆ ಬಂದು ನೋಟ್ ಪುಸ್ತಕ ತೆಗೆದೆ. ಠರಾವಿನಲ್ಲಿ 120 ಮೀಟರ್. ಬೆಳಗ್ಗೆ ಐದೂವರೆಗೆ ಹೊಲಿಗೆ ಟೇಪು ಹಿಡಿದು ಹೋಗಿ ಅಳೆದೆ. ಒಂದೂವರೆ ಮೀಟರಿನ ಟೇಪು, ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದೆ. 71 ಮೀಟರಿಗೆ ಚರಂಡಿ ಮುಗಿಯಿತು, ಮುಂದೆ ಬರೀ ಮಣ್ಣು. ಹಣ ಪೂರ್ತಿ ಹೋಗಿತ್ತು, ನನ್ನ ಡಿಜಿಟಲ್ ಸಹಿಯಿಂದ. ಆಡಿಟ್‌ನಲ್ಲಿ ಆಕ್ಷೇಪ ಬಂದರೆ ವಸೂಲಿ ನೋಟಿಸ್ ಬರುವುದು ಅಧ್ಯಕ್ಷೆಯ ಹೆಸರಿಗೆ, ಅಧ್ಯಕ್ಷೆಯ ಗಂಡನ ಹೆಸರಿಗಲ್ಲ. ಅಧ್ಯಕ್ಷೆಯ ಗಂಡ ಎಂಬ ಹುದ್ದೆ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಆ ರಾತ್ರಿ ಡಾಂಗಲ್ ಕೇಳಿದೆ. ನಮ್ಮ ಮನೆಯವರು ಹಣ ತಿಂದವರಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ಜೊತೆಯವರು ಹೇಳಿದರು ಎಂದು ನಂಬಿ, ಜಾಗ ನೋಡದೆ ಒತ್ತಿದ್ದರು. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂದರು. "ನಂಬಿಕೆ ಇದೆ. ಸಹಿ ನನ್ನದು" ಅಂದೆ. ಜೇಬಿನಿಂದ ತೆಗೆದು ಊಟದ ತಟ್ಟೆಯ ಪಕ್ಕ ಇಟ್ಟು ಉಣ್ಣದೆ ಎದ್ದು ಹೋದರು. ಮೂರು ದಿನ ಮನೆಯಲ್ಲಿ ಮಾತಿಲ್ಲ. ಮಗಳು ಇಬ್ಬರ ಮುಖ ನೋಡುತ್ತಾ ಓಡಾಡುತ್ತಿದ್ದಳು. ನಾಲ್ಕು ಸಲವಾದರೂ ವಾಪಸ್ ಕೊಟ್ಟುಬಿಡೋಣ ಅನ್ನಿಸಿತು. ಹೊರಗಿನವರ ಎದುರು ನಿಲ್ಲುವುದಕ್ಕಿಂತ ಒಲೆಯ ಮುಂದೆ ನಿಲ್ಲುವುದು ಕಷ್ಟ, ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಅವರೇ ಮಗಳಿಗೆ ಜಡೆ ಹಾಕಿ ಬಸ್ಸು ಹತ್ತಿಸಿ ಬಂದರು. ಜಡೆ ಓರೆಯಾಗಿತ್ತು. ನಮ್ಮಿಬ್ಬರ ನಡುವೆ ಆ ವಿಷಯ ಮತ್ತೆ ಬರಲಿಲ್ಲ.

ಆಧಾರ್ ಕೇಂದ್ರಕ್ಕೆ ಹೋಗಿ 50 ರೂಪಾಯಿ ಕಟ್ಟಿ ನನ್ನದೇ ನಂಬರ್ ಜೋಡಿಸಿದೆ, ಪಿನ್ ಬದಲಾಯಿಸಿದೆ. 2024ರ ಜನವರಿ ಆಗಿತ್ತು, ಅಧ್ಯಕ್ಷೆಯಾಗಿ ಐದು ತಿಂಗಳು ಕಳೆದಿತ್ತು. ಡಾಂಗಲ್ಲಿಗೆ ಉಳಿದ ರವಿಕೆ ಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಂಡೆ. ನಿಲ್ಲುವವರಿಗೆ ನಾನು ಹೇಳುವ ಮೊದಲ ಕೆಲಸ ಇದು. ನಾಮಪತ್ರಕ್ಕೂ ಮುಂಚೆ ನಿಮ್ಮ ಹೆಸರಲ್ಲಿ ಸಿಮ್, ಅದೇ ನಂಬರ್ ಆಧಾರಿಗೆ, ಬ್ಯಾಂಕಿಗೆ. ಚರಂಡಿ ಕೆಲಸವನ್ನು ಗುತ್ತಿಗೆದಾರರು ಮಾರ್ಚ್‌ನಲ್ಲಿ ಪೂರ್ತಿ ಮಾಡಿಕೊಟ್ಟರು. ಅದಕ್ಕೆ ಮೂರು ಪತ್ರ ಬರೆಯಬೇಕಾಯಿತು, ಮೂರಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಬಾಯಿಮಾತಿಗೆ ಬೆಲೆ ಇಲ್ಲ, ಸೀಲಿಗೆ ಇದೆ.

ಆ ವರ್ಷ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ತರಬೇತಿಗೆ ಹೋದೆ. ಮದುವೆಯಾದ ಮೇಲೆ ಮನೆಯವರಿಲ್ಲದೆ ಊರ ಹೊರಗೆ ರಾತ್ರಿ ಉಳಿದದ್ದು ಅದೇ ಮೊದಲು. ತರಬೇತಿ ಕರೆ ಬಂದರೆ ಏನೇ ಕೆಲಸವಿರಲಿ ಹೋಗಿ. ಆಗ ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಹಣದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚಾಗಬೇಕು ಎಂದು ನನಗೆ ತಿಳಿದದ್ದು ಅಲ್ಲಿ. ಅಲ್ಲಿಯವರೆಗೆ ಸಭೆಯಲ್ಲಿ ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದೆ.

ತರಬೇತಿಗೆ ಬಂದಿದ್ದ ಒಬ್ಬ ಮೇಡಂ ಬೋರ್ಡಿನ ಮೇಲೆ ನಮ್ಮ ರಾಜ್ಯದ ಕಥೆ ಬರೆದರು. 1983ರ ಕಾಯ್ದೆಯಲ್ಲೇ ನಮ್ಮಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಇಟ್ಟಿದ್ದರು, 1987ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. ಇಡೀ ದೇಶಕ್ಕೆ ಮೂರನೇ ಒಂದು ಪಾಲು ಬಂದದ್ದು ಆಮೇಲೆ, 73ನೇ ತಿದ್ದುಪಡಿಯಿಂದ, 1993ರಲ್ಲಿ. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಮೇಡಂ ಕೇಳಿದರು, 2023ರ ವಿಧಾನಸಭೆ ಚುನಾವಣೆಯಲ್ಲಿ 224 ಕ್ಷೇತ್ರಗಳಲ್ಲಿ ಗೆದ್ದ ಹೆಂಗಸರು ಎಷ್ಟು? ಒಬ್ಬರು 50 ಅಂದರು, ಒಬ್ಬರು 70. ಅವರು ಬೋರ್ಡಿನ ಮೇಲೆ 10 ಎಂದು ಬರೆದರು. ಕೆ.ಎಸ್. ನಾಗರತ್ನಮ್ಮ 1972ರಲ್ಲೇ ಸ್ಪೀಕರ್ ಆಗಿದ್ದ ರಾಜ್ಯ ಇದು. ಮುಖ್ಯಮಂತ್ರಿ ಕುರ್ಚಿಯಲ್ಲಿ ಮಾತ್ರ ಇವತ್ತಿನವರೆಗೂ ಒಬ್ಬ ಹೆಂಗಸು ಕೂತಿಲ್ಲ. ಸಂಸತ್ತು, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಕೊಡುವ 106ನೇ ತಿದ್ದುಪಡಿ 2023ರಲ್ಲಿ ಆಯಿತಾದರೂ, ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಆಗುವವರೆಗೂ ಅದು ಜಾರಿಗೆ ಬರುವುದಿಲ್ಲ.

ಪಂಚಾಯಿತಿಯಲ್ಲಿ ಅರ್ಧ ಇರುವವರು ಮೇಲೆ ಹೋಗುತ್ತಾ ಯಾಕೆ ಕಾಣೆಯಾಗುತ್ತೇವೆ ಎಂದು ಆ ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಆರು ಜನ ಅಧ್ಯಕ್ಷೆಯರು ಕೂತು ಮಾತಾಡಿದೆವು. ನನಗೆ ಹೊಳೆದ ಕಾರಣ ಇದು. ಮೀಸಲಾತಿ ಪ್ರತಿ ಸಲ ತಿರುಗುತ್ತದೆ. ಐದು ವರ್ಷ ಕಷ್ಟಪಟ್ಟು ಕಲಿತವಳಿಗೆ, "ಈಗ ಸೀಟು ಸಾಮಾನ್ಯ ಆಯ್ತು, ನಿನ್ನ ಸರದಿ ಮುಗೀತು" ಎಂದು ಹೇಳಿ ಮನೆಗೆ ಕಳಿಸುತ್ತಾರೆ. ಸಾಮಾನ್ಯ ಎಂದರೆ ಗಂಡಸರದು ಎಂದು ಎಲ್ಲರೂ ತಿಳಿದಿದ್ದಾರೆ, ನಾವೂ ಹಾಗೇ ತಿಳಿದಿದ್ದೆವು. ಸಾಮಾನ್ಯ ಸ್ಥಾನಕ್ಕೆ ಹೆಂಗಸೂ ನಿಲ್ಲಬಹುದು. ಗಂಡಸು ಒಮ್ಮೆ ಸದಸ್ಯನಾದರೆ ತಾಲ್ಲೂಕು, ಜಿಲ್ಲೆ ಎಂದು ಮೇಲೆ ನೋಡುತ್ತಾನೆ, ನಾವು ಪ್ರತಿ ಸಲ ಮೊದಲ ಮೆಟ್ಟಿಲಿನಿಂದ ಹೊಸಬರಾಗಿ ಶುರು ಮಾಡುತ್ತೇವೆ. ಎರಡನೇ ಸಲ ನಿಲ್ಲುವ ಹೆಂಗಸರು ಹೆಚ್ಚದೆ ಆ 10 ಹೆಚ್ಚುವುದಿಲ್ಲ.

ಊರಿಗೆ ಬಂದ ಮೇಲೆ ನಾನು ಮಾಡಿದ ದೊಡ್ಡ ಬದಲಾವಣೆ ಸಣ್ಣದಾಗಿ ಕಾಣಬಹುದು. ತಿಂಗಳ ಸಭೆಯನ್ನು ಸಂಜೆಯಿಂದ ಬೆಳಗ್ಗೆ ಹನ್ನೊಂದಕ್ಕೆ ತಂದೆ. ಹಾಲು ಕರೆಯುವ, ಅಡುಗೆ ಮಾಡುವ ಹೊತ್ತಿನಲ್ಲಿ ಸಭೆ ಇಟ್ಟರೆ ಹೆಂಗಸರು ಸಹಿ ಹಾಕಿ ಓಡುತ್ತಾರೆ. ಸದಸ್ಯೆಯರ ಮನೆಯವರು ಒಳಗೆ ಬಂದು ಕೂರುವುದನ್ನು ನಿಲ್ಲಿಸಿದೆ, ಮೊದಲು ನಮ್ಮ ಮನೆಯವರಿಂದಲೇ ಶುರು ಮಾಡಿದೆ. ಮೂರು ತಿಂಗಳಲ್ಲಿ, ಹಿಂದೆ ಬಾಯಿ ಬಿಡದ ಸದಸ್ಯೆಯೊಬ್ಬರು ಎದ್ದು ನಿಂತು 'ಕೂಸಿನ ಮನೆ' ಎಲ್ಲಿರಬೇಕು ಎಂದು ಅರ್ಧ ಗಂಟೆ ವಾದ ಮಾಡಿದರು. ನರೇಗಾ (ಉದ್ಯೋಗ ಖಾತರಿ) ಕೆಲಸಕ್ಕೆ ಹೋಗುತ್ತಿದ್ದ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಅದು. ಆ ಕಟ್ಟಡವನ್ನು ಮಳಿಗೆ ಮಾಡಿ ಬಾಡಿಗೆಗೆ ಕೊಡೋಣ ಎಂದು ಕೆಲವರು ಪಟ್ಟು ಹಿಡಿದಿದ್ದರು. ಕೂಸಿನ ಮನೆಯೇ ಆಯಿತು.

ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಅಧ್ಯಕ್ಷರ ಮೇಲೆ ಮೊದಲ 15 ತಿಂಗಳು ಅವಿಶ್ವಾಸ ತರುವಂತಿಲ್ಲ. ಆ ಗಡುವು ಮುಗಿದ ಮುಂದಿನ ತಿಂಗಳೇ, 2024ರ ಡಿಸೆಂಬರಿನಲ್ಲಿ, ನನ್ನ ವಿರುದ್ಧ ಸಹಿ ಸಂಗ್ರಹಿಸಿ ಉಪವಿಭಾಗಾಧಿಕಾರಿಗೆ ಕೊಟ್ಟರು. ಕಾರಣ, ಸದಸ್ಯರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳುತ್ತಿಲ್ಲ. ನೋಟಿಸ್ ಬಂದು ಸಭೆ ನಡೆಯುವವರೆಗಿನ ದಿನಗಳು ಈ ಐದು ವರ್ಷದಲ್ಲೇ ಕೆಟ್ಟವು. ರಾತ್ರಿ ಫೋನು ರಿಂಗಾದರೆ ಎದೆ ಧಸಕ್ಕೆನ್ನುತ್ತಿತ್ತು. ಯಾರದೋ ಜೊತೆ ನನ್ನ ಹೆಸರು ಸೇರಿಸಿ ವಾಟ್ಸಾಪಿನಲ್ಲಿ ಬರೆದರು. ಗಂಡಸು ಅಧ್ಯಕ್ಷನಾದರೆ ಅವನ ಲೆಕ್ಕದ ಮೇಲೆ ಮಾತು ಬರುತ್ತದೆ, ಹೆಂಗಸಾದರೆ ನಡತೆಯ ಮೇಲೆ ಬರುತ್ತದೆ. ಅದಕ್ಕೆ ಅತ್ತೆ ಬಿಟ್ಟು ಬೇರೆ ಯಾರ ಮುಂದೆಯೂ ನಾನು ಅಳಲಿಲ್ಲ. ಇಂಥ ಸಮಯ ಬಂದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ನಾನು ಕೊಟ್ಟ ಮೇಲೆ ಬರೆಯುವುದು ನಿಂತಿತು.

ಅವಿಶ್ವಾಸ ಗೆಲ್ಲಲು ಒಟ್ಟು ಸದಸ್ಯರ ಮೂರನೇ ಎರಡು ಪಾಲು ಬೇಕು, ನಮ್ಮಲ್ಲಿ 10. ಸಭೆಯ ದಿನ ಒಂಬತ್ತು ಜನ ಅವರ ಕಡೆ ಬಂದರು. ಹತ್ತನೆಯವರು, ಪಟ್ಟಿಯಲ್ಲಿ ಸಹಿ ಮಾಡಿದ್ದ ಸದಸ್ಯೆಯೊಬ್ಬರು, ಬರಲಿಲ್ಲ. ಅವರ ಮನೆಯವರು ಗೇಟಿನ ಹೊರಗೆ ಫೋನ್ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಸಮಯ ಮುಗಿಯಿತು, ನಿರ್ಣಯ ಬಿತ್ತು. ಅವರು ಯಾಕೆ ಬರಲಿಲ್ಲ ಎಂದು ಇವತ್ತಿಗೂ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಎದುರು ಸಿಕ್ಕರೆ ಊಟ ಆಯ್ತಾ ಎಂದು ಕೇಳಿಕೊಳ್ಳುತ್ತೇವೆ.

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಧ್ಯಕ್ಷರ ಗೌರವಧನ ತಿಂಗಳಿಗೆ 6,000 ರೂಪಾಯಿ, ತಿಂಗಳು ತಿಂಗಳು ಬರುತ್ತದೆ ಎಂದು ನಂಬಿ ಸಾಲ ಮಾಡಬೇಡಿ. ಹೊಲಿಗೆಯಿಂದ ಬರುತ್ತಿದ್ದದ್ದು ಅರ್ಧಕ್ಕಿಳಿಯಿತು. ತಾಲ್ಲೂಕು ಕಚೇರಿಗೆ ಓಡಾಡುವ ಬಸ್ಸು, ಮದುವೆ ಮುಂಜಿಯ ಮುಯ್ಯಿ, ಕಷ್ಟ ಎಂದು ಬಂದವರಿಗೆ ಕೊಟ್ಟ ನೂರು ಇನ್ನೂರು, ಎಲ್ಲ ಕೈಯಿಂದಲೇ ಹೋಯಿತು. ಮನೆಯಲ್ಲಿ ಇದನ್ನು ಮೊದಲೇ ಕೂತು ಮಾತಾಡಿಕೊಂಡರೆ ಆಮೇಲೆ ಜಗಳವಿಲ್ಲ.

ಮೊನ್ನೆ ಬಂದ ಇಬ್ಬರಲ್ಲಿ ಒಬ್ಬಾಕೆ ಕೇಳಿದಳು, "ಅಕ್ಕ, ಮುಂದಿನ ಸಲ ನಿಮ್ಮ ಸೀಟು ಸಾಮಾನ್ಯ ಆಗ್ಬೋದಂತೆ. ಹಂಗಾದ್ರೆ ಅಣ್ಣ ನಿಂತ್ಕೋತಾರಾ?" ನಮ್ಮ ಮನೆಯವರು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ತಲೆ ಎತ್ತದೆ, "ಅವಳನ್ನೇ ಕೇಳು" ಅಂದರು. ಜಾತಿ ಪ್ರಮಾಣಪತ್ರದ ಫೈಲು ಈ ಸಲ ನನಗೆ ಬೇಕಾಗದೇ ಇರಬಹುದು. ಆದರೂ ಮತದಾರರ ಪಟ್ಟಿಯಲ್ಲಿ ಹೆಸರು ನೋಡಿಕೊಂಡು ಬರಲು ಸೋಮವಾರ ಮೂವರೂ ಒಟ್ಟಿಗೆ ಹೋಗುತ್ತಿದ್ದೇವೆ.